ಎಡ ಹಿಮ್ಮಡಿಯ ಅರ್ಧಚಂದ್ರ

ಕೊಕ್ಕರೆಗಳು, ಇಷ್ಟು ತಡವಾಗಿ, ಉಳಿದವೆಲ್ಲ ಕಡಲು ದಾಟಿ ಉತ್ತರಕ್ಕೆ ಹೋಗಿ ಎಷ್ಟೋ ದಿನವಾದ ಮೇಲೆ ಈ ಒಂದು ಹಿಂಡು, ಬೆಟ್ಟದ ಹೆಗಲ ಮೇಲಿನ ಬಿಸಿಗಾಳಿಯಲ್ಲಿ ಸುತ್ತು ಹಾಕುತ್ತ ಹಾಕುತ್ತ ಏರುತ್ತಿವೆ, ರೆಕ್ಕೆ ಬಡಿಯುವ ಗೊಡವೆಯೇ ಇಲ್ಲ, ಎತ್ತುವವನು ಎತ್ತುತ್ತಾನೆ, ಅವು ಸುಮ್ಮನೆ ಎತ್ತಿಸಿಕೊಳ್ಳುತ್ತವೆ — ನೋಡಿದ್ಯಾ, ಎಂಬ ಮಾತು ನಫ್ಲಾಳ ಬಾಯಿಯಿಂದ ಹೊರಟೇಬಿಟ್ಟಿತು, ಪಕ್ಕಕ್ಕೆ ತಿರುಗಿಯೂ ಆಯಿತು, ಪಕ್ಕದಲ್ಲಿ ಬಿಸಿಲಿತ್ತು, ಬಿಸಿಲಿನಲ್ಲಿ ಒಂದು ಕಲ್ಲಿತ್ತು, ಮುತೈರ್ ಇರಲಿಲ್ಲ. ಚಳಿಗಾಲದಲ್ಲಿ ಮಣ್ಣಿಗಿಟ್ಟ ಗಂಡ, ಬಾಯಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ, ಕಾಲಿಗೆ ಮುಟ್ಟಿದೆ, ನಿನ್ನೆ ಬೆಳಗಿನ ನಮಾಜ್ ಮುಗಿಸಿ ಹಟ್ಟಿ ಬಿಟ್ಟಾಗಿನಿಂದ ಕಾಲು ತನ್ನ ಪಾಡಿಗೆ ತಾನು ನಡೆಯುತ್ತಿದೆ, ಯಾರಿಗೂ ಕಾಯುವುದಿಲ್ಲ, ಯಾರನ್ನೂ ಬೆನ್ನಟ್ಟುವುದಿಲ್ಲ, ರಾತ್ರಿ ಜಾಲಿಯ ಬುಡದಲ್ಲಿ ಮುದುರಿಕೊಂಡಾಗ ಮಾತ್ರ ಮೈ ತನ್ನಷ್ಟಕ್ಕೆ ಅರ್ಧ ಕಂಬಳಿ ಬಿಟ್ಟು ಮಲಗಿತ್ತು, ಬೆಳಗಾಗುವ ಹೊತ್ತಿಗೆ ಆ ಅರ್ಧದ ಮೇಲೆ ಇಬ್ಬನಿ ಕೂತಿತ್ತು. ಗಂಡ ಸತ್ತವಳು ಹೊರಗೆ ಕಾಲಿಡದೆ ಕೂರುವ ಇದ್ದತ್ತಿನ ದಿನಗಳು ಮುಗಿದು ಗುಡಾರದ ಹೊಸಿಲು ದಾಟಿದ ಮೊದಲ ನಡಿಗೆ ಇದು. ಹಟ್ಟಿಯ ಹಿರಿಯ ಹಾಜಿ ದಖೀಲ್ ಗಂಡಸರ ನಡುವೆ ಕೂತು ಅಂದನಂತೆ, ಮುತೈರನ ಹೆಂಡ್ತಿಗೆ ಗೊತ್ತಿರೋ ಅಷ್ಟು ಆ ಕಾವಲು ಕಣಿವೆ ಇನ್ಯಾರಿಗೆ ಗೊತ್ತಿದೆ, ಅವಳೇ ಹೋಗಿ ನೋಡ್ಕೊಂಡು ಬರ್ಲಿ, ಶುಕ್ರವಾರ ನಮಾಜ್ ಆದ್ಮೇಲೆ ನಾವು ಕಣಿವೆ ಬಾಯಿಗೆ ಬಂದು ಸೇರ್ತೀವಿ — ಯಾರೋ ಒಬ್ಬ, ಹೆಂಗಸಿನ ಮಾತು ಕೇಳಿ ಆಡು ಬಿಡೋದಾ ಹಾಜಿ, ಅಂದದ್ದಕ್ಕೆ, ಈ ಹಟ್ಟಿಲಿ ಆಡು ಕಾಯೋರು ಯಾರಪ್ಪ, ನೀನಾ, ಚಹಾ ಲೋಟ ಬಿಟ್ಟು ನೀನು ಜನ್ಮದಲ್ಲಿ ಇನ್ನೇನು ಕಾದಿದ್ದೀಯ, ಅಂದನಂತೆ. ನಾಳೆ ಶುಕ್ರವಾರ.

ಕಾವಲು ಎಂದರೆ ಅಜ್ಜಂದಿರ ಕಾಲದ ಒಂದು ಒಪ್ಪಂದ, ಗೋಡೆಯಿಲ್ಲ, ಬೇಲಿಯಿಲ್ಲ, ಕಣಿವೆಯ ಬಾಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟ ಒಂದು ಗುಪ್ಪೆ ಅಷ್ಟೆ, ಮೊದಲ ಮಳೆ ಬಿದ್ದ ದಿನದಿಂದ ಗಿಡಗಳು ಬೀಜ ಉದುರಿಸುವ ತನಕ ಒಂದು ಆಡೂ ಒಳಗೆ ಕಾಲಿಡಕೂಡದು, ಮುರಿದವನು ಹಟ್ಟಿಯವನಾದರೆ ಆಡು ದಂಡ ಕೊಟ್ಟು ತಲೆ ತಗ್ಗಿಸಿ ಕೂರಬೇಕು, ಆಸರೆ ಕೇಳಿಕೊಂಡು ಹೊರಗಿನಿಂದ ಬಂದವನಾದರೆ ಆ ಆಸರೆಯೇ ಹೋಯಿತು, ಗುಡಾರ ಕಿತ್ತು ಹೆಂಡತಿ ಮಕ್ಕಳೊಂದಿಗೆ ನಡೆಯಬೇಕು. ನೋಡಿ ಬಂದವರು ಎರಡೇ ಮಾತು ಹೇಳಬೇಕು, ಬೀಜ ಕಟ್ಟಿತೋ ಇಲ್ಲವೋ, ಯಾರಾದರೂ ಹೊಕ್ಕರೋ ಇಲ್ಲವೋ. ಇಷ್ಟು ವರ್ಷ ಆ ಎರಡು ಮಾತು ಮುತೈರನದು. ಬೆಟ್ಟ ಸುತ್ತಿ ಕಣಿವೆಯ ತಲೆಗೆ ಹೋಗಲಿಕ್ಕೇ ಒಂದು ಹಗಲು ಬೇಕು, ಅಲ್ಲಿಂದ ಬಾಯಿಯ ತನಕ ಇಳಿಯಲು ಇನ್ನೊಂದು, ಬಾಯಿಂದ ಒಂದಿಷ್ಟು ಒಳಗೆ ಬಂದು ಇಣುಕಿ ಹೋದ್ರೆ ಸಾಲ್ದಾ, ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದಳು, ಆಗ ಅವಳಿಗೆ ಅಂಗಾಲಿನ ತುಂಬ ಬೊಬ್ಬೆ, ಅವನು ಕೂತು ಒಂದೊಂದೇ ಬೊಬ್ಬೆಗೆ ಎಣ್ಣೆ ಹಚ್ಚುತ್ತ, ಗಿಡ ಸುಳ್ಳು ಹೇಳುತ್ತೆ ಕಣೆ, ಮೇಲೆ ಒಣಗಿದ ಹಾಗೆ ಕಾಣುತ್ತೆ ಒಳಗೆ ಹಸಿ ಇರುತ್ತೆ, ಹಕ್ಕಿ ಸುಳ್ಳು ಹೇಳಲ್ಲ, ಗಿಡ ಬಿಟ್ಟು ಹಕ್ಕಿ ನೋಡ್ಕೊಂಡು ಇಳಿ, ಎಂದಿದ್ದ. ನಾದಿನಿ ಸಲ್ಹಾ ನಿನ್ನೆ ಹೊರಡುವಾಗ ರೊಟ್ಟಿ ಕಟ್ಟಿಕೊಡುತ್ತ ಕಿವಿಯಲ್ಲಿ ಉಸುರಿದ್ದು ಬೇರೆ, ಅತ್ತಿಗೆ, ಮಾಗಿದೆ ಅಂದ್ಬಿಡು, ನಿನ್ನ ನಾಲಿಗೆ ಏನು ಸವೆದು ಹೋಗುತ್ತಾ, ನನ್ನ ಆಡುಗಳ ಪಕ್ಕೆ ನೋಡು, ಒಂದೊಂದು ಎಲುಬೂ ನಾನಿಲ್ಲಿದ್ದೀನಿ ನಾನಿಲ್ಲಿದ್ದೀನಿ ಅಂತ ಕೂಗ್ತಿದೆ. ಕೂಗುತ್ತಿತ್ತು ನಿಜ. ತನ್ನ ಆಡುಗಳದೂ ಕೂಗುತ್ತಿತ್ತು. ಸುಳ್ಳು ಹೇಳಿದರೆ ಮುಂದಿನ ವರ್ಷ ಕಣಿವೆಯಲ್ಲಿ ಕಲ್ಲು ಮೇಯಬೇಕು ಅಷ್ಟೆ, ಕಲ್ಲಿಗೆ ಹಾಲು ಬರುವುದಿಲ್ಲ.

ಮೇಲಿನ ಕಣಿವೆ ಚೆನ್ನಾಗಿದೆ, ಅಲ್ಹಮ್ದುಲಿಲ್ಲಾ, ಮಾಚಿಪತ್ರೆ ಮೊಣಕಾಲೆತ್ತರ, ಸೆರಗು ತಾಕಿದರೆ ಸಾಕು ಮೈಯೆಲ್ಲ ಅದರ ಕಹಿ ಕಂಪು, ರತಮ್ ಪೊದೆಗಳಲ್ಲಿ ಬಿಳಿ ಹೂವು ಮುಗಿದು ಕಾಯಿ ಇಳಿಬಿದ್ದಿವೆ, ಒಂದನ್ನು ಹಿಸುಕಿದಳು, ಉಗುರಿಗೆ ಹಸಿರು ನೀರು ಹತ್ತಿತು, ಇನ್ನೂ ಇಲ್ಲ, ಬಂಡೆಯ ಸಂದಿನಲ್ಲಿ ಎಕ್ಕದ ಗಿಡ, ಅದರ ಹತ್ತಿಯನ್ನು ಎಳೆದೆಳೆದು ಒಯ್ಯುವ ಪುಟ್ಟ ಹಕ್ಕಿ, ಮರಳಿನ ಮೇಲೆ ಹಾವುಮೆಕ್ಕೆಯ ಬಳ್ಳಿ ಯಾರೋ ಚೆಲ್ಲಿ ಹೋದ ಹಗ್ಗದ ಹಾಗೆ, ಬಿಳಿ ನೆತ್ತಿಯ ಕರಿಹಕ್ಕಿ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹಾರುತ್ತ ಜೊತೆಗೇ ಬರುತ್ತಿದೆ, ಅದು ಗುಡಾರದ ಮುಂದೆ ಕೂತರೆ ಒಳ್ಳೆ ಸುದ್ದಿ ಬರುತ್ತದೆ ಎನ್ನುತ್ತಾರೆ, ಚಳಿಗಾಲದ ಆ ಬೆಳಗ್ಗೆಯೂ ಕೂತಿತ್ತಲ್ಲ, ಕೂತು ಬಾಲ ಕುಣಿಸುತ್ತಿತ್ತಲ್ಲ, ಪಾಪ ಅದಕ್ಕೇನು ಗೊತ್ತು, ಅದು ಹುಳ ಹುಡುಕಿಕೊಂಡು ಬಂದದ್ದು. ಕೌಜುಗವೊಂದು ಮರಿಗಳ ಸಾಲು ಕಟ್ಟಿಕೊಂಡು ಅಡ್ಡ ಓಡಿತು, ಅವಳು ನಿಂತಳು, ಮರಿಗಳು ದಾಟಿ ಮುಗಿಯಲಿ, ಕೊನೆಯದೊಂದು ಕಲ್ಲಿಗೆ ಸಿಕ್ಕಿ ಚೀಂ ಚೀಂ ಎಂದು ಸುತ್ತುತ್ತಿತ್ತು, ಮುತೈರ್ ಇದ್ದಿದ್ದರೆ ಬೆರಳಲ್ಲಿ ದೂಡಿ ದಾಟಿಸುತ್ತಿದ್ದ, ಅವಳು ಮುಟ್ಟಲಿಲ್ಲ, ತಾಯಿ ತಿರುಗಿ ಬಂತು. ಗುಲಾಬಿ ಗುಬ್ಬಿಗಳು ಮಾತ್ರ ಎಲ್ಲೂ ಕಾಣಲಿಲ್ಲ, ಅವೇ ಬೀಜದ ಹಕ್ಕಿಗಳು, ಬೀಜ ಬಲಿತ ದಿನ ಎತ್ತರದ ಬಂಡೆಗಳಿಂದ ಮದುವೆಗೆ ಬರುವ ಹೆಂಗಸರ ಹಾಗೆ ಗಲಗಲ ಇಳಿದು ಪೊದೆ ಪೊದೆಗೂ ಕೂರುವಂಥವು, ಇವತ್ತು ಒಂದು ದನಿಯೂ ಇಲ್ಲ, ಆಕಾಶ ತೊಳೆದಿಟ್ಟ ಬಟ್ಟಲು. ಅಂದರೆ ಮೊದಲ ಮಾತು ತೀರ್ಮಾನವಾಯಿತು, ಮಾಗಿಲ್ಲ, ಇನ್ನೂ ಕೆಲವು ದಿನ ಮುಚ್ಚಿರಲಿ, ಸಲ್ಹಾ ಬೈಯುತ್ತಾಳೆ, ಬೈಯಲಿ, ಬೈಯುವುದಕ್ಕಾದರೂ ಒಬ್ಬರು ಬರುತ್ತಾರಲ್ಲ ಗುಡಾರಕ್ಕೆ. ಮೂರು ರೊಟ್ಟಿ ಸುಟ್ಟು ಎರಡನ್ನು ಒಣಗಿಸಿಡುವುದು, ಎರಡು ಲೋಟಕ್ಕೆ ಚಹಾ ಬಗ್ಗಿಸಿ ಒಂದನ್ನು ತಿರುಗಿ ಕೆಟಲಿಗೆ ಸುರಿಯುವುದು, ಯಾರ ಕಣ್ಣಿಗೂ ಬೀಳದ ಈ ಕೆಲಸಗಳನ್ನು ನೋಡುವವನು ನೋಡುತ್ತಾನೆ ಎಂಬ ಒಂದೇ ಧೈರ್ಯ, ಆ ಧೈರ್ಯವೂ ಕೆಲವು ಸಂಜೆ ತುಂಬ ದೂರದಲ್ಲಿ —

ಮುತೈರ್ ಬರುತ್ತಿದ್ದಾನೆ. ಕಣಿವೆ ತಿರುಗುವ ಕಡೆ, ಮರಳು ಮೆತ್ತಗಿರುವಲ್ಲಿ, ಅವನ ಹೆಜ್ಜೆ, ಬೆರಳ ತುದಿ ಅವಳ ಕಡೆಗೇ ಮುಖ ಮಾಡಿದ ಹೆಜ್ಜೆ, ಎದುರಿನಿಂದ ಬರುವ ಹೆಜ್ಜೆ, ಲಾರಿ ಟಯರಿನಿಂದ ಅವನೇ ಕೊಯ್ದು ಮಾಡಿಕೊಂಡ ಚಪ್ಪಲಿಯ ಅಡ್ಡಗೆರೆಗಳು, ಎಡ ಹಿಮ್ಮಡಿ ಸವೆದಾಗ ಬೇರೆ ಟಯರಿನ ತುಂಡು ಕತ್ತರಿಸಿ ಹೊಡೆದ ಅರ್ಧಚಂದ್ರ, ಅಡ್ಡಗೆರೆಗಳ ನಡುವೆ ಗೆರೆಯಿಲ್ಲದ ಆ ನುಣುಪು ಅರ್ಧಚಂದ್ರ, ಇಡೀ ಮರುಭೂಮಿಯಲ್ಲಿ ಒಂದೇ — ಅಷ್ಟು ಯಾಕೆ ಓಡ್ತೀಯ, ಇಲ್ಲೇ ಇದ್ದೀನಿ, ಎಂದುಬಿಟ್ಟಳು, ಗಟ್ಟಿಯಾಗಿ, ನಗುತ್ತ, ಬುತ್ತಿಯ ಗಂಟನ್ನು ಹೆಗಲಿಂದ ಇಳಿಸಿಯೂ ಆಯಿತು, ಅರ್ಧ ದಾರಿಗೆ ಎದುರು ಬರುತ್ತಿದ್ದ ಗಂಡನಿಗೆ ನೀರು ಕೊಡಬೇಕಲ್ಲ. ಕರಿಹಕ್ಕಿ ಕಲ್ಲಿನ ಮೇಲೆ ಕೂತು ನೋಡಿತು. ಒಂದು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ, ಒಂದು ಉಸಿರಿನಷ್ಟು ಹೊತ್ತು ಅವಳು ವಿಧವೆಯಾಗಿರಲಿಲ್ಲ. ಆಮೇಲೆ ಕಣ್ಣು ತನ್ನ ಕೆಲಸ ಮಾಡಿತು, ಹುಟ್ಟಿದಾಗಿನಿಂದ ನೆಲ ಓದಿದ ಕಣ್ಣು ಸುಮ್ಮನಿರುವುದಿಲ್ಲ, ಹೆಜ್ಜೆಯ ಅಂತರ ಗಿಡ್ಡ, ಬಲಗಾಲು ಸ್ವಲ್ಪ ಎಳೆದಿದೆ, ಮೈಭಾರ ಮುಂಗಾಲ ಮೇಲೆ, ಮುತೈರ್ ಹಿಮ್ಮಡಿಯ ಮೇಲೆ ನಡೆಯುವವನು, ಇದು ಬೇರೆ ಯಾರದೋ ಕಾಲು, ಪಕ್ಕದಲ್ಲಿ ಆಡಿನ ಗೊರಸು, ಒಂದೇ ಆಡು, ನಡುವೆ ಹಗ್ಗ ಉಜ್ಜಿದ ಗೆರೆ, ನಿನ್ನೆಯದೂ ಇದೆ, ಇವತ್ತಿನದೂ ಇದೆ. ಇದ್ದತ್ತಿನಲ್ಲಿ ಪರದೆಯ ಹಿಂದೆ ಕೂತಿದ್ದಾಗ ಸಲ್ಹಾ ಬಂದು ಹೇಳಿದ್ದಳಲ್ಲ, ಅತ್ತಿಗೆ, ಅಣ್ಣನ ನಿಲುವಂಗಿ ಚಪ್ಪಲಿ ಎಲ್ಲ ಮೈಯಿತ್ತು ತೊಳೆದೋನಿಗೆ ಕೊಟ್ಬಿಡ್ಲಾ, ಹಾಗೇ ಅಲ್ವಾ ಪದ್ಧತಿ, ಅವಳು ಪರದೆಯ ಹಿಂದಿನಿಂದ, ಕೊಡು, ಅಂದಿದ್ದಳು. ಮಣ್ಣಿಗಿಡುವ ಮುನ್ನ ಮುತೈರನ ಮೈ ತೊಳೆದವನು ಅತ್ವಾ. ಕಡಲ ಕಡೆಯಿಂದ ಬಂದು ಹಾಜಿ ದಖೀಲನ ಆಸರೆ ಹಿಡಿದು ಹಟ್ಟಿಯ ಅಂಚಿನಲ್ಲಿ ಗುಡಾರ ಹೊಡೆದುಕೊಂಡವನು, ಹೆಂಡತಿಯೊಬ್ಬಳನ್ನು ಬಿಟ್ಟರೆ ಹಿಂದೆ ಮುಂದೆ ಯಾರೂ ಇಲ್ಲದವನು. ಅಯ್ಯೋ ಅತ್ವಾ. ನಾಳೆ ಗಂಡಸರು ಬಂದು ಈ ಮರಳು ನೋಡಿದರೆ ಮುಗಿಯಿತು, ಹಟ್ಟಿಯ ಕೂಸಿಗೂ ಈ ಅರ್ಧಚಂದ್ರ ಗೊತ್ತು, ಈಗ ಅದು ಯಾರ ಕಾಲಲ್ಲಿದೆ ಎಂಬುದೂ ಗೊತ್ತು, ಅವಳು ಬಾಯಿ ಬಿಡಬೇಕಾದ್ದೇ ಇಲ್ಲ.

ಹೆಜ್ಜೆ ಪಕ್ಕದ ಕೊರಕಲಿಗೆ ತಿರುಗಿತ್ತು, ಅವಳೂ ತಿರುಗಿದಳು, ಸಿಟ್ಟಿತ್ತು, ಪೊದೆಯ ಎಳೆಯ ತುದಿಗಳನ್ನು ಆಡು ಕಚ್ಚಿ ಎಳೆದ ಗಾಯ ಕಂಡಾಗಲೆಲ್ಲ ಸಿಟ್ಟು ಏರುತ್ತಿತ್ತು, ಆದರೂ ಕಾಲು ಆ ಗುರುತಿನ ಪಕ್ಕಕ್ಕೇ ಗುರುತಿಡುತ್ತ ಹೋಗುತ್ತಿತ್ತು, ಎಡಕ್ಕೆ ಅವನು, ಬಲಕ್ಕೆ ತಾನು, ಯಾವಾಗಲೂ ನಡೆಯುತ್ತಿದ್ದ ಹಾಗೆ, ಹಿಂದಿನಿಂದ ಯಾರಾದರೂ ನೋಡಿದರೆ ಗಂಡ ಹೆಂಡತಿ ಹೋದರು ಎನ್ನಬೇಕು, ಛೆ, ಎಂದುಕೊಂಡಳು, ಕಾಲು ತೆಗೆದು ದೂರ ಇಟ್ಟಳು, ಮತ್ತೆ ಹತ್ತಿರ ಬಂತು. ಚಪ್ಪಲಿ ಹೊಲಿಯುವಾಗ ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಮಾತಾಡುತ್ತಿದ್ದ, ಏನೂ ತಿಳಿಯುತ್ತಿರಲಿಲ್ಲ, ನುಂಗೀಯ, ಎಂದರೆ ನುಂಗಿದ ಹಾಗೆ ಕಣ್ಣು ಮೇಲೆ ಮಾಡಿ ಹೆದರಿಸುತ್ತಿದ್ದ. ಬಂಡೆಯ ನೆರಳಲ್ಲಿ ಅತ್ವಾ ಕುಕ್ಕುರುಗಾಲಲ್ಲಿ ಕೂತಿದ್ದ, ಹಗ್ಗದ ತುದಿಯಲ್ಲಿ ಬಡಕಲು ಆಡು, ಅವಳನ್ನು ಕಂಡು ಎದ್ದ, ಓಡಲಿಲ್ಲ, ಓಡುವುದಕ್ಕೆ ಆ ಕೊರಕಲಿಗೆ ಇನ್ನೊಂದು ಬಾಗಿಲೇ ಇಲ್ಲ, ಸಲಾಂ ಅಲೈಕುಮ್ ಅಕ್ಕ, ಚಹಾ ಕುಡೀತೀಯಾ, ಎಂದ. ಚಹಾ! ನಿನ್ನ ಮನೆ ಹಾಳಾಗ, ಕಾವಲಲ್ಲಿ ಆಡು ಬಿಟ್ಕೊಂಡು ಚಹಾ ಕೇಳ್ತೀಯಾ, ಎಂದಳು ನಫ್ಲಾ. ಒಂದೇ ಆಡು ಅಕ್ಕ. ಒಂದಾದ್ರೆ ಅದು ಬಾಯಿಂದ ತಿನ್ನಲ್ವಾ. ಹೆಂಡ್ತಿ ಹೆತ್ತಿದ್ದಾಳೆ ಅಕ್ಕ, ಹೆಣ್ಣು ಮಗು, ಅವಳ ಎದೇಲಿ ಹಾಲಿಲ್ಲ, ಈ ಆಡಿನ ಕೆಚ್ಚಲಲ್ಲೂ ಇಲ್ಲ, ಇಲ್ಲಿ ಮೇಯಿಸಿದ್ಮೇಲೆ ಒಂದು ಲೋಟ ಬರ್ತಿದೆ, ಎಂದ ಅತ್ವಾ, ಬೇಡುವ ದನಿಯಲ್ಲಲ್ಲ, ಹವಾಮಾನ ಹೇಳುವವನ ಹಾಗೆ. ನಾಳೆ ಎಲ್ರೂ ಬರ್ತಾರೆ ಕಣೋ, ಹೆಜ್ಜೆ ನೋಡ್ತಾರೆ. ಅದಕ್ಕೇ ಅಕ್ಕ ಅಣ್ಣನ ಚಪ್ಪಲಿ ಹಾಕ್ಕೊಂಡು ಬಂದದ್ದು, ಕಾವಲಲ್ಲಿ ಮುತೈರಣ್ಣನ ಹೆಜ್ಜೆ ಇದ್ರೆ ಯಾರು ಅನುಮಾನ ಪಡ್ತಾರೆ, ಪ್ರತಿ ವರ್ಷ ಇರೋದೇ ಅಲ್ವಾ, ಮುತೈರಣ್ಣ ಬಂದಿದ್ದ ಅಂದ್ಕೋತಾರೆ ಅಂತ. ಅವಳು ಅವನ ಮುಖವನ್ನೇ ನೋಡಿದಳು. ಸತ್ತೋನ ಹೆಜ್ಜೆ ಅಂದ್ಕೋತಾರಾ? ಹೌದಲ್ಲ, ಎಂದ ಅತ್ವಾ, ಅದು ಹೊಳೀಲೇ ಇಲ್ಲ, ಕಡಲಲ್ಲಿ ಹೆಜ್ಜೆ ಉಳಿಯಲ್ಲ ಅಕ್ಕ, ನಮಗೆಲ್ಲಿಂದ ಬರಬೇಕು ಈ ವಿದ್ಯೆ, ಇಂಥ ಪೆದ್ದು ಉಪಾಯಕ್ಕೆ ನಿಮ್ಮಲ್ಲಿ ಯಾರೂ ಮೋಸ ಹೋಗಲ್ಲ ಅನ್ನು. ಅವಳಿಗೆ ನಗು ಬಂತು, ನಗು ಎಲ್ಲಿಂದ ಬಂತೋ ಅಲ್ಲಿಂದಲೇ ಇನ್ನೊಂದು ಕೂಡ ಬಂತು, ಸೆರಗನ್ನು ಮುಖಕ್ಕೆ ಎಳೆದುಕೊಂಡಳು, ಯಾರೂ ಹೋಗಲ್ಲ ಕಣೋ, ಎಂದಳು, ಹಟ್ಟಿಲಿ ಯಾರೂ ಹೋಗಲ್ಲ.

ಹೇಳುವುದು ಎಷ್ಟು ಸುಲಭ. ನಾಳೆ ಹಾಜಿಯ ಮುಂದೆ ನಿಂತು ಎರಡನೇ ಮಾತು ಹೇಳಿದರೆ ಅವಳ ಕೆಲಸ ಮುಗಿಯಿತು, ಹೆಂಗಸಾದರೂ ಸರಿಯಾಗಿ ನೋಡಿ ಬಂದಳು ಎನ್ನುತ್ತಾರೆ, ಮುಂದಿನ ವರ್ಷವೂ ಅವಳನ್ನೇ ಕಳಿಸುತ್ತಾರೆ, ನಡಿಗೆಯಾದರೂ ಉಳಿಯುತ್ತದೆ, ಮುಚ್ಚಿಟ್ಟರೆ, ಮುಚ್ಚಿಟ್ಟದ್ದು ಹೊರಬಿದ್ದರೆ, ಮುತೈರ್ ಇಷ್ಟು ವರ್ಷ ಕಾಪಾಡಿದ ಮಾತಿಗೆ ಅವಳು ಮೊದಲ ಸಲಕ್ಕೇ ತೂತು ಹೊಡೆದಂತೆ. ಅತ್ವಾ ಆಡಿನ ಕಿವಿ ನೀವುತ್ತ ನಿಂತಿದ್ದ, ಚಪ್ಪಲಿಯ ಕಡೆ ನೋಡಿಕೊಂಡು ಅಂದ, ತೊಳೆಯೋವಾಗ ಅಕ್ಕ, ಅವರ ಹಿಮ್ಮಡಿ ಬಿರುಕಲ್ಲಿ ಮಣ್ಣು ಕೂತಿತ್ತು, ಕೆಂಪು ಮಣ್ಣು, ಈ ಕಣಿವೇದು, ಬಿಸಿನೀರು ಹಾಕಿ ಎಷ್ಟು ತಿಕ್ಕಿದ್ರೂ ಬರ್ಲಿಲ್ಲ, ಜೋರಾಗಿ ತಿಕ್ಕೋಕೆ ಮನಸಾಗ್ಲಿಲ್ಲ, ನೋವಾಗುತ್ತೇನೋ ಅನ್ನಿಸ್ತು, ಹಾಗೇ ಬಿಟ್ಟೆ, ತಪ್ಪಾಯ್ತಾ. ನೋವಾಗುತ್ತೇನೋ ಅನ್ನಿಸ್ತು. ಮಣ್ಣಾದ ಮೈಗೆ ನೋವಾಗದಿರಲಿ ಎಂದುಕೊಂಡ ಕೈ, ಆ ಕೈ, ಹಗ್ಗ ಹಿಡಿದು ನಿಂತಿದೆ. ತಪ್ಪಾಗ್ಲಿಲ್ಲ, ಎಂದಳು ನಫ್ಲಾ, ಅವಳ ದನಿ ಅವಳಿಗೇ ದೂರದಲ್ಲಿ ಕೇಳಿಸಿತು, ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೋ, ಆಡನ್ನ ಹೆಗಲ ಮೇಲೆ ಹಾಕ್ಕೋ, ಬಂಡೆ ಮೇಲೇ ಹತ್ತಿ ಹೋಗು, ಮರಳಿಗೆ ಕಾಲಿಡಬೇಡ. ಕಾಲು ಸುಡುತ್ತೆ ಅಕ್ಕ. ಸುಡ್ಲಿ, ಅಷ್ಟಾದ್ರೂ ಸುಡ್ಲಿ, ನನ್ನ ಕರಿಯಾಡು ಇನ್ನೂ ಹಾಲು ಕೊಡ್ತಿದೆ, ನಾಳೆಯಿಂದ ದಿನಾ ಬೆಳಿಗ್ಗೆ ಹೆಂಡ್ತೀನ ಲೋಟ ಕೊಟ್ಟು ಕಳ್ಸು, ಮಗೂನೂ ಎತ್ಕೊಂಡು ಬರ್ಲಿ. ಅವನು ಬಂಡೆ ಹತ್ತಿದ, ಹೆಗಲ ಮೇಲಿಂದ ಆಡು ಹಿಂದಿರುಗಿ ಅವಳನ್ನು ನೋಡಿ ಒಂದು ಸಲ ಅರಚಿತು, ಅತ್ವಾ, ಬಾಯ್ಮುಚ್ಚೇ, ನಿನ್ನಿಂದಲೇ ಇದೆಲ್ಲ, ಎಂದು ಬೈಯುತ್ತ ಹೋಗುವುದು ಕೇಳಿಸಿತು, ಆಮೇಲೆ ಅದೂ ಇಲ್ಲ.

ರತಮ್ ಪೊದೆಯ ಒಣಗಿದ ಕೊಂಬೆಯೊಂದು ಗಾಳಿಗೆ ಮುರಿದು ಬಿದ್ದಿತ್ತು, ಹಸಿಯದನ್ನು ಮುರಿಯುವಂತಿಲ್ಲವಲ್ಲ, ಅದನ್ನೆತ್ತಿಕೊಂಡಳು, ಬಿಸ್ಮಿಲ್ಲಾ ಎಂದಳು, ತಪ್ಪಿಗೆ ಬಿಸ್ಮಿಲ್ಲಾ ಹೇಳಬಹುದೋ ಬಾರದೋ, ಮೇಲಿನವನ ಹೆಸರುಗಳಲ್ಲಿ ಒಂದು ಮರೆಮಾಡುವವನು ಎಂದೂ ಇದೆಯಲ್ಲ, ಜನರ ಮರ್ಯಾದೆಯ ಮೇಲೆ ಹೊದಿಕೆ ಎಳೆಯುವವನು, ಅಷ್ಟನ್ನು ಹಿಡಿದುಕೊಂಡು ಕೊಂಬೆಯನ್ನು ನೆಲಕ್ಕೆ ಹಚ್ಚಿ ಎಳೆದಳು. ಮೊದಲನೆಯದು ಹೋಯಿತು. ಎಷ್ಟು ಬೇಗ ಹೋಗುತ್ತದೆ, ಒಂದು ಸದ್ದಿಲ್ಲ, ಗೆರೆಗಳು, ಅಂಚು, ಅರ್ಧಚಂದ್ರ, ಕೊಂಬೆ ಹಾದರೆ ಬರೀ ಮರಳು, ಆಡಿನ ಗೊರಸು, ಹಗ್ಗದ ಗೆರೆ, ಅವು ಹೋದದ್ದಕ್ಕೆ ಏನೂ ಅನಿಸಲಿಲ್ಲ, ಇವು ಹೋಗುವಾಗ ಮಾತ್ರ ಕೈ ತನಗೆ ತಾನೇ ಹಗುರವಾಗುತ್ತಿತ್ತು, ಮಲಗಿದವನ ಮೇಲಿನ ನೊಣ ಓಡಿಸುವ ಹಾಗೆ. ಬಗ್ಗಿ ಮುಂದೆ ಮುಂದೆ ನಡೆಯುತ್ತ ಕಣಿವೆಯ ಬಾಯಿಯ ಕಡೆ ಇಳಿದಳು, ಎದುರಿಗೆ ಅವನು ಬರುತ್ತಲೇ ಇದ್ದಾನೆ, ಅವಳು ಅಳಿಸುತ್ತಲೇ ಇದ್ದಾಳೆ, ಬರ್ತಾ ಇರು, ಎನ್ನುತ್ತಾಳೆ, ಬಾ, ಅಳಿಸುತ್ತಾಳೆ, ಚಳಿಗಾಲದಲ್ಲಿ ಅವನು ಹೋದಾಗ ಅವಳ ಕೈಗೆ ಯಾರೂ ಏನೂ ಕೆಲಸ ಕೊಡಲಿಲ್ಲ, ತೊಳೆದವರು ಗಂಡಸರು, ಹೊತ್ತವರು ಗಂಡಸರು, ಮಣ್ಣು ಹಾಕಿದವರೂ ಅವರೇ, ಅವಳು ಗುಡಾರದಲ್ಲಿ ಕೂತು ಕಿವಿಗೊಟ್ಟು ಕೇಳಿದ್ದು ಅಷ್ಟೆ, ದೂರದಿಂದ ಗುದ್ದಲಿಯ ಸದ್ದು ಕೇಳಿಸುತ್ತದೆಯೇ ಎಂದು, ಕೇಳಿಸಿರಲಿಲ್ಲ, ಗಾಳಿ ಆ ಕಡೆಗಿತ್ತು. ಈಗ ಕೈಗೆ ಕೆಲಸ ಬಂದಿದೆ. ಹಟ್ಟಿಯ ಕಡೆಯ ಬಯಲಲ್ಲಿ ನೆಲಗುಬ್ಬಿಯೊಂದು ಹಾಡುತ್ತ ಮೇಲೇರಿತು, ಕಲ್ಲು ಗುಪ್ಪೆ ಕಾಣಿಸಿತು, ಅಲ್ಲಿಗೆ ಮುಗಿಯಿತು, ಬಂಡೆಯ ಚಾಚಿನ ಕೆಳಗೆ ಗಾಳಿ ತಾಗದ ಜಾಗದಲ್ಲಿ ಉಳಿದದ್ದು ಒಂದೇ ಒಂದು ಹೆಜ್ಜೆ, ಎಡಗಾಲಿನದು, ಈಗಷ್ಟೇ ಕಾಲೆತ್ತಿದ ಹಾಗೆ ಅಚ್ಚುಕಟ್ಟಾಗಿ, ಬಿಸಿಲು ವಾಲಿ ನೆರಳು ಅದರೊಳಗೆ ತುಂಬಿಕೊಂಡು, ಅರ್ಧಚಂದ್ರ. ಕೊಂಬೆ ಎತ್ತಿದಳು. ಇಳಿಸಿದಳು. ಅಸರ್ ನಮಾಜಿನ ಹೊತ್ತು ಮೀರುತ್ತಿದೆ, ಗಂಟಲಿಗಷ್ಟೇ ಉಳಿದ ನೀರು, ನಮಾಜಿಗೆ ಮುನ್ನ ಕೈ ಮುಖ ತೊಳೆಯಲು ನೀರಿಲ್ಲದ ಕಡೆ ಮಣ್ಣೇ ವುಜೂ, ಶುದ್ಧ ಮಣ್ಣಿನ ಮೇಲೆ ಅಂಗೈ ಬಡಿದು ಮುಖಕ್ಕೂ ಕೈಗೂ ಸವರಿಕೊಂಡರೆ ಮೇಲಿನವನು ಒಪ್ಪುತ್ತಾನೆ, ಇದಕ್ಕಿಂತ ಶುದ್ಧ ಮಣ್ಣು ಎಲ್ಲಿದೆ, ಮಂಡಿಯೂರಿ ಕೂತಳು, ಎರಡೂ ಅಂಗೈಗಳನ್ನು ಆ ಹೆಜ್ಜೆಯ ಮೇಲೆ ಬಡಿದಳು, ಕೆಂಪು ಧೂಳು ಎದ್ದಿತು, ಮುಖಕ್ಕೆ ಸವರಿಕೊಂಡಳು, ಹಣೆ, ಕಣ್ಣು, ತುಟಿ, ಮಣ್ಣು ಬೆಚ್ಚಗಿತ್ತು, ಕಣ್ಣು ಬಿಟ್ಟಳು, ನೆಲದ ಮೇಲೆ ಈಗ ಅವಳ ಎರಡು ಅಂಗೈಗಳ ಗುರುತು, ಅವುಗಳ ನಡುವೆ, ಕೈ ತಾಗದೆ ಉಳಿದ ಅಷ್ಟೇ ಅಷ್ಟು ಜಾಗದಲ್ಲಿ, ಅರ್ಧಚಂದ್ರ, ನಮಾಜಿಗೆ ಏಳಬೇಕು, ಅರ್ಧಚಂದ್ರ, ಏಳಬೇಕು, ಅರ್ಧಚಂದ್ರ